ನಮ್ಮ ಮನೆ ಗೋಡೆಗೆ ಐದು ಬಣ್ಣ

ಮೂರು ವರ್ಷದ ಹಿಂದಿನ ಮಾತು. ದಸರಾ ಮುಗಿದಿತ್ತು, ದೀಪಾವಳಿಯೂ ಮುಗಿದಿತ್ತು. ಊರಿನವರೆಲ್ಲ ಹೊಸ ಬಣ್ಣದ ಮನೆಗಳಲ್ಲಿ ಹಬ್ಬ ಮಾಡಿ ಮುಗಿಸಿದ್ದರು. ಪ್ರತಿ ವರ್ಷ ಅಂಥ ಎಷ್ಟೋ ಮನೆಗೆ ಬಣ್ಣ ಹೊಡೆಯುವವನು ನಾನು. ಆ ವರ್ಷ ಮಾತ್ರ ಕುಂಬಾರಕೊಪ್ಪಲಿನ ನನ್ನ ಮನೆಯ ಒಳಕೋಣೆಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು, ಆರು ವಾರದಿಂದ ಮಲಗಿದ್ದೆ.

ನನ್ನ ಹೆಸರು ಮಹದೇವ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬ್ರಷ್ ಹಿಡಿದವನು. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ, ನನ್ನ ಕೈಕೆಲಸಕ್ಕೆ ಮೈಸೂರಿನಲ್ಲಿ ಒಂದು ಹೆಸರಿದೆ. ಬರೀ ಜ್ವರ ಅಂತ ಕೆಲಸಕ್ಕೆ ಚಕ್ಕರ್ ಹೊಡೆದವನಲ್ಲ. ಅಂಥವನಿಗೆ ಎದ್ದು ಹಲ್ಲುಜ್ಜುವುದೇ ದೊಡ್ಡ ಕೆಲಸವಾಗಿತ್ತು. ಬೆಳಿಗ್ಗೆ ಎಚ್ಚರವಾದರೆ ಯಾಕಾದರೂ ಎಚ್ಚರವಾಯಿತೋ ಅನ್ನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಉತ್ತರ ಹುಡುಕುವುದಕ್ಕೇ ಸುಸ್ತಾಗುತ್ತಿತ್ತು. ಮೈಯಲ್ಲಿ ಅಲ್ಲಾಡುತ್ತಿದ್ದುದು ಬಲಗೈ ಬೆರಳು ಮಾತ್ರ. ಮಲಗಿದಲ್ಲೇ ಉಗುರಿನಿಂದ ಗೋಡೆ ಕೆರೆಯುತ್ತಿದ್ದೆ. ಹಾಸಿಗೆ ತುಂಬ ಬಣ್ಣದ ಚಕ್ಕೆ.

ನನ್ನ ಹೆಂಡತಿ ಮಂಜುಳ ನಂಜನಗೂಡಿಗೆ ಹರಕೆ ಹೊತ್ತಳು. ಅವರಮ್ಮ ಬಂದು ದೃಷ್ಟಿ ತೆಗೆದು, "ಕಣ್ ಬಿದ್ದದೆ ಕಣಮ್ಮ, ಅಷ್ಟೊಂದು ದುಡುದ್ರೆ ಬೀಳ್ದೆ ಇರ್ತದಾ?" ಅಂದರು. ನನಗೂ ಅದೇ ಸರಿ ಅನ್ನಿಸಿತ್ತು. ದುಡಿದು ದಣಿದಿದ್ದೇನೆ, ಅಷ್ಟೇ.

ಅದನ್ನು ಒಪ್ಪದವನು ರಫೀಕ್ ಒಬ್ಬನೇ. ಮಂಡಿ ಮೊಹಲ್ಲಾದವನು, ಹದಿನೆಂಟು ವರ್ಷದಿಂದ ನನ್ನ ಜೋಡಿ ಪೈಂಟರ್. ಒಂದು ಬೆಳಿಗ್ಗೆ ಮನೆಗೆ ಬಂದವನು ಹಿತ್ತಲಿಗೆ ಹೋಗಿ ನನ್ನ ಬ್ರಷ್ ತಂದು ಮುಂದೆ ಹಿಡಿದ. ತೊಳೆಯದೆ ಬಿಟ್ಟಿದ್ದ ಬ್ರಷ್ ಒಣಗಿ ಸೌದೆಯಾಗಿತ್ತು.

"ನೋಡ್ದಾ ಮಾದೇವ? ಬ್ರಷ್ ತೊಳೀದೆ ಮನೆಗೆ ಹೋದ ಅಂತ ನನ್ನನ್ನ ಎಷ್ಟ್ ಸಲ ಬೈದಿಲ್ಲ ನೀನು? ಇದು ಸುಸ್ತಲ್ಲ ಗುರು. ಕಾಯಿಲೆ. ನಡಿ ಆಸ್ಪತ್ರೆಗೆ, ಮನಸ್ಸಿನ ಡಾಕ್ಟರ್ ಹತ್ರ."

"ನಾನೇನ್ ಹುಚ್ಚನೇನೋ?"

"ಹುಚ್ಚ ಆಗಿದ್ರೆ ಸುಲಭವಾಗಿ ಕರ್ಕೊಂಡ್ ಹೋಗ್ಬೋದಿತ್ತು. ನೀನು ಜಂಭದವನು, ಅದೇ ಕಷ್ಟ."

ಮಂಜುಳ ನಕ್ಕುಬಿಟ್ಟಳು. ಆರು ವಾರದ ಮೇಲೆ ಅವಳ ನಗು ಕೇಳಿದ್ದು. ಅದಕ್ಕೇ ಎದ್ದೆನೋ ಏನೋ, ಆಟೋ ಹತ್ತಿದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮ ಮಂಜುಳನಿಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಫೀಕ್ ಹೊರಗಡೆ ಬೆಂಚಿನ ಮೇಲೆ ಕೂತ, ನಾನೂ ಮಂಜುಳನೂ ಒಳಗೆ ಹೋದೆವು. ನಿದ್ದೆ, ಊಟ, ಕೆಲಸ ಎಲ್ಲ ಕೇಳಿದರು. ಆಮೇಲೆ ಮೆತ್ತಗೆ, "ಸತ್ತು ಹೋದ್ರೆ ಸಾಕು ಅಂತ ಅನ್ಸಿದ್ಯಾ?" ಅಂದರು.

ಅದುವರೆಗೂ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ತಲೆ ತಗ್ಗಿಸಿ ಹ್ಞೂಂ ಅಂದೆ. ಮಂಜುಳ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂದರೆ ಬಳೆ ಒತ್ತಿ ಗುರುತು ಬಿತ್ತು. ಹೇಳಿದ ಮೇಲೆ ಎದೆ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು, ಅದೂ ನಿಜ.

"ಇದಕ್ಕೆ ಮೊದಲು ಯಾವತ್ತಾದ್ರೂ ತದ್ವಿರುದ್ಧ ಆಗಿತ್ತಾ? ಅತಿಯಾದ ಉತ್ಸಾಹ, ನಿದ್ದೆ ಬೇಡ, ಮಾತು ಜಾಸ್ತಿ?"

"ಇಲ್ಲ ಮೇಡಂ," ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಉತ್ಸಾಹ ಯಾರಿಗಾದರೂ ಕಾಯಿಲೆಯಾಗುತ್ತದೆಯೇ?

ಆಗ ಮಂಜುಳ ಸೆರಗಿನ ತುದಿಯ ಗಂಟು ಬಿಚ್ಚಿದಳು. "ಇವ್ರು ಇಡೀ ದಿನ ಮಾಡೋದು ಇದೊಂದೇ ಮೇಡಂ" ಎಂದು, ನಾನು ಕೆರೆದ ಗೋಡೆಯ ಒಂದು ಚಕ್ಕೆಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಎತ್ತಿ ನೋಡಿದರು. ಅಂಚಿನಲ್ಲಿ ಒಂದರ ಮೇಲೊಂದು ಬಣ್ಣ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಬಿಳಿ, ಪಿಸ್ತಾ, ತಿಳಿನೀಲಿ, ಅರಿಶಿನ, ಗುಲಾಬಿ.

"ಹಳೇ ಮನೆನಾ?"

"ಇಲ್ಲ ಮೇಡಂ, ಕಟ್ಟಿ ನಾಲ್ಕು ವರ್ಷ ಆಯ್ತು."

"ನಾಲ್ಕು ವರ್ಷಕ್ಕೆ ಐದು ಬಣ್ಣಾನಾ? ಪೈಂಟರ್‌ಗಳ ಮನೆಯೆಲ್ಲ ಹಿಂಗೇನಾ?"

ಆರು ವಾರದಲ್ಲಿ ಮೊದಲ ಸಲ ನನ್ನ ಗಂಟಲಿಗೆ ಸ್ವಲ್ಪ ಗತ್ತು ಬಂತು. "ಪೈಂಟರ್ ಮನೆ ಯಾವತ್ತು ಬಣ್ಣ ಕಂಡಿದೆ ಮೇಡಂ? ಹೊರಗೆ ಕೂತಿದಾನಲ್ಲ ರಫೀಕ್, ಅವನ ಮನೇಲಿ ಇನ್ನೂ ಅವರಪ್ಪನ ಕಾಲದ ಸುಣ್ಣ ಉದುರ್ತಾ ಇದೆ. ನಮ್ಮದು ಹಂಗಲ್ಲ. ಆ ಅರಿಶಿನ ಬಣ್ಣ ಇದೆಯಲ್ಲ, ಹಾಲ್, ಅಡುಗೆಮನೆ, ಎರಡು ರೂಮು, ಎಲ್ಲಾ ನಾನೊಬ್ಬನೇ ಎರಡು ದಿನಕ್ಕೆ ಮುಗಿಸಿದ್ದು. ಮೂರು ಆಳಿನ ಕೆಲಸ ಅದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ಎರಡು ದಿನ ನಿದ್ದೆ?"

"ಬೇಕೇ ಆಗ್ಲಿಲ್ಲ."

"ಸುಸ್ತು?"

"ಎಲ್ಲೀದು ಮೇಡಂ! ಆನೆ ಬಲ."

ಮಂಜುಳನಿಗೆ ಇನ್ನು ತಡೆಯಲಾಗಲಿಲ್ಲ. "ಬೆಳಕಾಗೋಕ್ ಮುಂಚೆ ಎದ್ದು ಮಂಚ, ಬೀರು ಎಲ್ಲಾ ಬೀದಿಗೆ ಎಳ್ದಾಕ್ಬುಟ್ಟು ಗೋಡೆ ಉಜ್ಜೋಕ್ ಶುರು ಮಾಡೋರು. ಒಂದೇ ಸಮನೆ ಮಾತು. ಎದುರು ಹೇಳಿದ್ರೆ ಕೆಂಡ. ಹತ್ತು ಹನ್ನೆರಡು ದಿನ ಹಂಗೆ. ಆಮೇಲೆ ದೊಪ್ಪಂತ ಮಲಗೋರು, ವಾರಗಟ್ಟಲೆ. ಪ್ರತಿ ಬಣ್ಣಕ್ಕೂ ಇದೇ ಕತೆ ಮೇಡಂ. ಈ ಸಲದಷ್ಟು ದಿನ ಮಾತ್ರ ಯಾವತ್ತೂ ಮಲಗಿರಲಿಲ್ಲ."

ಡಾಕ್ಟರು ಚಕ್ಕೆಯನ್ನು ಬಿಳಿ ಹಾಳೆಯ ಮೇಲಿಟ್ಟು, ಒಂದೊಂದು ಬಣ್ಣಕ್ಕೂ ತಿಂಗಳು ಕೇಳಿ ಬರೆದುಕೊಂಡರು. ಮನೆ ಕಟ್ಟಿದಾಗಿನ ಬಿಳಿ ಬಿಟ್ಟು ನಾಲ್ಕು ಬಣ್ಣ. ನಾಲ್ಕು ಸಲ ಏರಿದ್ದೆ, ನಾಲ್ಕು ಸಲ ಬಿದ್ದಿದ್ದೆ.

"ಮಹದೇವ ಅವರೇ, ಇದು ಬರೀ ಖಿನ್ನತೆ ಅಲ್ಲ. ಬೈಪೋಲಾರ್ ಅಂತಾರೆ. ಮನಸ್ಸು ಕೆಲವು ದಿನ ತುಂಬ ಮೇಲಕ್ಕೆ ಹೋಗುತ್ತೆ, ಕೆಲವು ದಿನ ತುಂಬ ಕೆಳಕ್ಕೆ. ನೀವು ಕೆಳಗಿರೋದನ್ನ ಮಾತ್ರ ಹೇಳಿದ್ರಿ. ನಾನು ಅದನ್ನ ನಂಬಿ ಖಿನ್ನತೆ ಮಾತ್ರೆ ಒಂದೇ ಕೊಟ್ಟಿದ್ರೆ, ಅದು ನಿಮ್ಮನ್ನ ಮತ್ತೆ ಮೇಲಕ್ಕೆ ಎತ್ತಿ ಬಿಸಾಕಿಬಿಡಬಹುದಿತ್ತು. ಏರಿಳಿತ ಎರಡನ್ನೂ ಹಿಡಿಯೋ ಔಷಧಿ ಬೇಕು ನಿಮಗೆ."

ರಕ್ತ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟ್ ನೋಡಿ ಲಿಥಿಯಂ ಎನ್ನುವ ಮಾತ್ರೆ ಕೊಟ್ಟರು. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು, ಸದ್ಯಕ್ಕೆ ಎತ್ತರ ಹತ್ತಬಾರದು, ಮನೆಯಲ್ಲಿ ಒಬ್ಬನೇ ಇರಬಾರದು ಅಂದರು.

ಮನೆಗೆ ಬಂದವನು ಮಾತ್ರೆ ಮುಟ್ಟಲಿಲ್ಲ. ಮಲಗಿರುವ ಮಹದೇವನನ್ನು ವಾಸಿ ಮಾಡಲಿ, ಸಂತೋಷ. ಆದರೆ ಎರಡು ದಿನಕ್ಕೆ ಮನೆ ಬಳಿಯುವ ಮಹದೇವ? ಅವನೇ ಅಲ್ಲವೇ ನಾನು? ಅವನನ್ನೂ ಕಾಯಿಲೆ ಅಂದರೆ ನನ್ನದು ಅಂತ ಏನು ಉಳಿಯಿತು? ಮಂಜುಳ ಅತ್ತಳು. ಮಾರನೆಯ ದಿನ ರಫೀಕ್ ಬಂದಾಗ ಅವನಿಗೂ ಇದನ್ನೇ ಹೇಳಿದೆ.

ಅವನು ನನ್ನ ಚಪ್ಪಲಿ ತಂದು ಮುಂದಿಟ್ಟ. ಆಮೇಲೆ, "ಎದ್ದೇಳು. ನಿನಗೊಂದು ಗೋಡೆ ತೋರಿಸ್ಬೇಕು," ಅಂದ.

ಕರೆದುಕೊಂಡು ಹೋಗಿದ್ದು ಅವನ ಬೀದಿಯಲ್ಲೇ ಇದ್ದ ಒಂದು ಮನೆಗೆ. ಹಿಂದಿನ ವರ್ಷ ಅಲ್ಲಿ ಮೂರು ಕೋಣೆಯನ್ನು ಒಂದೇ ದಿನಕ್ಕೆ ಮುಗಿಸಿದ್ದೆ. ಅದನ್ನು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೆನೋ! ರಫೀಕ್ ಮನೆಯವರಿಗೆ ಹೇಳಿ ದೊಡ್ಡ ಬೀರುವನ್ನು ಪಕ್ಕಕ್ಕೆ ಜರುಗಿಸಿದ.

"ಕೈ ಇಟ್ಟು ನೋಡು."

ಅಂಗೈ ಸವರಿದೆ. ಬಿರುಕು ಮುಚ್ಚುವ ಪುಟ್ಟಿ ಹಚ್ಚಿ ಉಪ್ಪುಕಾಗದದಿಂದ ಉಜ್ಜಿಯೇ ಇರಲಿಲ್ಲ. ಬಣ್ಣ ಅಲ್ಲಲ್ಲಿ ಸೋರಿ ಗಟ್ಟಿಯಾಗಿತ್ತು. ಒಂದು ಮೂಲೆಯಲ್ಲಿ ಹಳೆಯ ಬಣ್ಣವೇ ಇಣುಕುತ್ತಿತ್ತು. ನಿನ್ನೆ ಕೆಲಸಕ್ಕೆ ಸೇರಿದವನು ಹೀಗೆ ಬಳಿದಿದ್ದರೆ ನಾನು ಅವನ ಕೈಯಿಂದ ಬ್ರಷ್ ಕಿತ್ತುಕೊಳ್ಳುತ್ತಿದ್ದೆ.

"ಮಿಕ್ಕ ಗೋಡೆಗಳು ಚೆನ್ನಾಗೇ ಇದಾವಲ್ಲೋ," ಅಂದೆ.

"ಅವು ನಾನು ಹೊಡೆದಿದ್ದು. ಮಾರನೇ ದಿನ ಬಂದು, ಪೂರಾ. ಬೀರು ಇದ್ದಿದ್ದಕ್ಕೆ ಇದೊಂದು ಉಳ್ಕೊಳ್ತು. ನೀನು ಹಂಗೆ ಹಾರಾಡ್ತಿದ್ದಾಗ ಬಳಿದ ಮನೆಗಳಿಗೆಲ್ಲ ನಾನು ಇನ್ನೊಂದು ಸಲ ಹೋಗಿದೀನಿ ಮಾದೇವ."

"ಹೇಳೋದಲ್ವೇನೋ?"

"ಒಂದ್ಸಲ ಹೇಳಿದ್ದೆ. ರೋಲರ್ ತಗೊಂಡು ಎಸೆದೆಯಲ್ಲ. ತಪ್ಪಿಸ್ಕೊಂಡೆ, ಇಲ್ದಿದ್ರೆ ಈ ಮೂಗು ಇರ್ತಿರ್ಲಿಲ್ಲ." ಮೂಗು ಮುಟ್ಟಿಕೊಂಡು ನಕ್ಕ. "ನಿನ್ನ ನಿಜವಾದ ಕೆಲಸ ನಾನು ಹದಿನೆಂಟು ವರ್ಷದಿಂದ ನೋಡಿದೀನಿ. ಇದು ನಿನ್ನ ಕೆಲಸ ಅಲ್ಲ."

ಆವತ್ತು ಊಟವಾದ ಮೇಲೆ ಮೊದಲ ಮಾತ್ರೆ ನುಂಗಿದೆ.

ಎಲ್ಲ ಮರುದಿನವೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಬಾಯಾರಿಕೆ ತಡೆಯಲಾಗುತ್ತಿರಲಿಲ್ಲ, ಮೈ ಊದಿಕೊಂಡಿತು. ಅದಕ್ಕಿಂತ ಕಷ್ಟವಾದದ್ದು ಕೈ ನಡುಕ. ಕಾಫಿ ಲೋಟವೇ ಅಲ್ಲಾಡಿದರೆ ಪೈಂಟರ್ ಏನು ಮಾಡಬೇಕು? ಮಾತ್ರೆ ಎಸೆದುಬಿಡೋಣ ಎಂದು ಕೈ ಎತ್ತಿದ್ದೂ ಉಂಟು. ಮಂಜುಳ, "ಬಿಸಾಕೋದು ಯಾವಾಗ್ ಬೇಕಾದ್ರೂ ಬಿಸಾಕ್ಬೋದು ಕಣ್ರೀ, ಮೊದಲು ಹೇಳಿ ನೋಡಣ," ಅಂದಳು. ಹೋಗಿ ಹೇಳಿದೆವು. ಡಾಕ್ಟರು ರಕ್ತ ನೋಡಿ ಪ್ರಮಾಣ ಬದಲಾಯಿಸಿದರು. ನಡುಕ ಕಮ್ಮಿಯಾಗುತ್ತಾ ಬಂತು. ಯುಗಾದಿಯ ಹೊತ್ತಿಗೆ ಕೆಲಸಕ್ಕೆ ಹೋದೆ, ಮೊದಲು ನೆಲದ ಮೇಲೆ ನಿಂತು ಕಿಟಕಿ ಬಾಗಿಲಿಗೆ, ಆಮೇಲೆ ಗೋಡೆಗೆ. ಏಣಿ ಹತ್ತಲು ಡಾಕ್ಟರು ಒಪ್ಪಿದ ದಿನ ರಫೀಕ್ ಕೆಳಗೆ ನಿಂತು ಏಣಿ ಹಿಡಿದು, "ಇಳಿಯೋಕೂ ಡಾಕ್ಟರ್ ಚೀಟಿ ಬೇಕಾ ಗುರು?" ಅಂತ ಕಿಚಾಯಿಸಿದ.

ಆದರೆ ನಾನು ಗೆದ್ದ ದಿನ ಅದಲ್ಲ. ಅದು ಬಂದಿದ್ದು ಹೋದ ವರ್ಷ, ಗೌರಿ ಗಣೇಶ ಹಬ್ಬಕ್ಕೆ ಮುಂಚೆ.

ನಮಗೆ ಅದು ಸುಗ್ಗಿ ಕಾಲ. ಎರಡು ದಿನದಿಂದ ಬೇಗ ಎಚ್ಚರವಾಗುತ್ತಿತ್ತು, ಮೈ ಹಗುರ, ಮನಸ್ಸು ಹಾಡುತ್ತಿತ್ತು. ಮೂರನೆಯ ಬೆಳಿಗ್ಗೆ ತಿಂಡಿಗೆ ಮುಂಚೆಯೇ ಫೋನಿನಲ್ಲಿ ಮೂರು ಮನೆ ಒಪ್ಪಿಕೊಂಡಿದ್ದೆ. ಮೂರನ್ನೂ ಹಬ್ಬದೊಳಗೆ, ಹತ್ತೇ ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದಿದ್ದೆ. ಮೂರನೆಯವರು ಚಾಮರಾಜಪುರಂನ ಒಬ್ಬರು ನಿವೃತ್ತ ಟೀಚರ್ ಮೇಡಂ. ಅವರಿಗೆ ಮಾತಾಡಲು ಬಿಡದೆ ನಾನೇ ಮಾತಾಡುತ್ತಿದ್ದೆ. ಫೋನ್ ಇಟ್ಟ ಮೇಲೆ ನನ್ನ ಆ ದನಿ ನನ್ನ ಕಿವಿಯಲ್ಲೇ ನಿಂತುಹೋಯಿತು. ಈ ಓಟ ನನಗೆ ಗೊತ್ತಿತ್ತು.

ಅಡುಗೆಮನೆಗೆ ಹೋದೆ. ಮಂಜುಳ ರೊಟ್ಟಿ ತಟ್ಟುತ್ತಿದ್ದಳು.

"ಮಂಜುಳಾ, ನನಗೆ ಇವತ್ತು ಬಹಳ ಚೆನ್ನಾಗಿದೆ ಕಣೇ."

"ಒಳ್ಳೇದಾಯ್ತಲ್ಲ ಬುಡಿ."

"ಇಲ್ಲ. ಜಾಸ್ತೀನೇ ಚೆನ್ನಾಗಿದೆ. ನಡಿ, ಡಾಕ್ಟರ್ ಹತ್ರ ಹೋಗಣ."

ಅವಳು ಒಲೆ ಆರಿಸಿದಳು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ಎರಡು ದಿನದಿಂದ ಹೇಳದಾ ಬ್ಯಾಡ್ವಾ ಅಂತ ಒದ್ದಾಡ್ತಿದ್ದೆ. ನೀವೇ ಹೇಳ್ಬುಟ್ರಲ್ಲ!" ಮುಖವೆಲ್ಲ ಹಿಟ್ಟು ಮಾಡಿಕೊಂಡು ನಗುತ್ತಿದ್ದಳು.

ಡಾಕ್ಟರು ಪರೀಕ್ಷೆ ಮಾಡಿ ಔಷಧಿ ಹೆಚ್ಚುಕಮ್ಮಿ ಮಾಡಿದರು. ಎರಡು ವಾರ ಕೆಲಸ ಬೇಡ, ನಿದ್ದೆ ಮುಖ್ಯ ಅಂದರು. ಎದ್ದು ಬರುವಾಗ, "ಈ ಸಲ ಕಾಯಿಲೆ ಕಂಡುಹಿಡಿದಿದ್ದು ನಾನಲ್ಲ, ನೀವು," ಅಂದರು. ಏಳನೇ ಕ್ಲಾಸಿನವನಿಗೆ ಡಾಕ್ಟರು ಹೇಳಿದ ಮಾತದು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ಆಸ್ಪತ್ರೆಯ ಹೊರಗೆ ಮರದ ಕೆಳಗೆ ನಿಂತು ಮೂರು ಮನೆಗೂ ಫೋನ್ ಮಾಡಿದೆ. ಜ್ವರ ಅಂತಲೋ, ಊರಲ್ಲಿ ಸಾವು ಅಂತಲೋ ಹೇಳಬಹುದಿತ್ತು. ಹೇಳಲಿಲ್ಲ. "ನನಗೆ ಮನಸ್ಸಿನ ಕಾಯಿಲೆ ಇದೆ, ಔಷಧಿ ತಗೊಳ್ತಿದೀನಿ. ಈಗ ಎರಡು ವಾರ ಆಗಲ್ಲ. ಒಪ್ಪಿಕೊಂಡಿದ್ದು ತಪ್ಪಾಯ್ತು," ಅಂದೆ. ಮೊದಲನೆಯವರು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರು. ಎರಡನೆಯವರು ಫೋನ್ ಕಟ್ ಮಾಡಿದರು. ಚಾಮರಾಜಪುರಂ ಮೇಡಂ ಮಾತ್ರ, "ಗೋಡೆ ಎಲ್ಲಿಗೂ ಓಡಿಹೋಗಲ್ಲ ಮೇಸ್ತ್ರಿ. ಹುಷಾರಾಗಿ ಬನ್ನಿ," ಅಂದರು.

ಹಬ್ಬ ಕಳೆದ ಮೇಲೆ ಹೋದೆವು. ಹಳೆಯ ಕಾಲದ ಎತ್ತರದ ಗೋಡೆಗಳು. ಹದಿನಾಲ್ಕು ದಿನ ಹಿಡಿಯಿತು. ಕೊನೆಯ ದಿನ ರಫೀಕ್ ಗೋಡೆಗೆ ಓರೆಯಾಗಿ ಬಲ್ಬು ಹಿಡಿದು, ತಪ್ಪು ಹುಡುಕುತ್ತಾ ಮನೆಯೆಲ್ಲ ಸುತ್ತಿದ. ಬ್ರಷ್ ಅವನ ಕೈಯಲ್ಲೇ ಇತ್ತು, ಅದನ್ನು ಬಣ್ಣಕ್ಕೆ ಅದ್ದುವ ಪ್ರಮೇಯವೇ ಬರಲಿಲ್ಲ. ಹೊರಗೆ ಹೋಗಿ ನನ್ನ ಬ್ರಷ್ ತೊಳೆಯಲು ಕೂತ. ನನಗೆ ಆ ಗಳಿಗೆಯಲ್ಲಿ ಆದ ಹೆಮ್ಮೆ ಹಿಂದೆ ಯಾವ ಮನೆಯಲ್ಲೂ ಆಗಿರಲಿಲ್ಲ.

ಈಗಲೂ ಮಾತ್ರೆ ತೆಗೆದುಕೊಳ್ಳುತ್ತೇನೆ, ಹೇಳಿದಾಗ ಹೋಗಿ ರಕ್ತ ಕೊಟ್ಟು ಬರುತ್ತೇನೆ. ಕೇಳಿದವರಿಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮೂರು ಆಳಿನ ಕೆಲಸ ಈಗ ನಾನು ಮಾಡುವುದಿಲ್ಲ. ಒಂದು ಆಳಿನ ಕೆಲಸ ಮಾಡುತ್ತೇನೆ, ದಿನವೂ ಮಾಡುತ್ತೇನೆ.