ಗುಳಿಗೆ ಬಿಡದೆ ಹೇಳಿದ ಸಾಕ್ಷಿ

ರೇಣುಕಾ, ನನ್ನ ಮೂರ್ಛೆ ರೋಗ ವಾಸಿಯಾಗಿರಲಿಲ್ಲ. ಮುನಿರಾಬಾದಿನ ನಮ್ಮ ಚರ್ಚಿನ ಸಭೆಯ ಮುಂದೆ ನಿಂತು, ಪ್ರಾರ್ಥನೆಯಿಂದ ಗುಣವಾಯಿತು, ಗುಳಿಗೆಗಳನ್ನೆಲ್ಲ ಕಾಲುವೆಗೆ ಎಸೆದುಬಿಟ್ಟೆ ಎಂದು ನಾನು ಹೇಳಿದ್ದು ಸುಳ್ಳು. ಒಂದು ಗುಳಿಗೆಯನ್ನೂ ನಾನು ಎಸೆದಿರಲಿಲ್ಲ. ಅವತ್ತು ಬೆಳಿಗ್ಗೆಯೂ ನುಂಗಿಯೇ ಪ್ರಾರ್ಥನೆಗೆ ಬಂದಿದ್ದೆ. ನಿನ್ನ ಅವ್ವ ಹನುಮವ್ವ ನನ್ನ ಮಾತು ನಂಬಿ ನಿನ್ನ ಗುಳಿಗೆಗಳನ್ನು ನಿಜವಾಗಿಯೂ ಎಸೆದಳು. ನಿನ್ನ ಎಡಗೈ ಸುಟ್ಟದ್ದು ಅದರಿಂದ — ಅಂದರೆ ನನ್ನಿಂದ.

ಇಷ್ಟು ಹೇಳಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಟೀಚರ್ ಆಗಿದ್ದವಳು ನಾನು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನನ್ನನ್ನು ನಿಲ್ಲಿಸುವವರು ಯಾರೂ ಇರಲಿಲ್ಲವಾದ್ದರಿಂದ ಆರಾಮಾಗಿ ಕುರ್ಚಿಯಲ್ಲೇ ಕುಳಿತಿದ್ದೆ.

ನಿನಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ನನ್ನ ವಿಷಯ ನಿನಗೆ ಹೆಚ್ಚು ತಿಳಿದಿರಲಾರದು. ಅಪ್ಪ ಡ್ಯಾಮಿನ ಕೆಲಸಕ್ಕೆಂದು ಆಂಧ್ರದ ಕಡೆಯಿಂದ ಬಂದು, ಮುನಿರಾಬಾದ್ ಕಾಲೊನಿಯಲ್ಲೇ ಉಳಿದವರು. ನಾವು ಹುಟ್ಟಿನಿಂದಲೇ ಕ್ರೈಸ್ತರು. ವಿಶ್ವಾಸ ನನಗೆ ಮನೆಯ ಪಾತ್ರೆಪಡಗದ ಜೊತೆಗೆ ಬಂದದ್ದು, ನಾನಾಗಿ ಸಂಪಾದಿಸಿದ್ದಲ್ಲ. ಕಾಲೇಜಿನ ದಿನಗಳಲ್ಲಿ ಮೂರ್ಛೆ ಶುರುವಾಯಿತು. ಮದುವೆಗೆ ಗೊತ್ತಾಗಿದ್ದ ಒಂದು ಸಂಬಂಧದವರು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗಲೇ ನಾನು ಬಿದ್ದೆ. ಅರ್ಧ ಊಟದಲ್ಲಿ ಎದ್ದು ಹೋದರು. ಆಮೇಲೆ ಯಾರೂ ನೋಡಲು ಬರಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಆ ಸಭೆಯೇ ನನಗೆ ಮನೆ ಎಂದುಕೊಂಡಿದ್ದೆ.

ಆದರೆ ಆ ಮನೆಯಲ್ಲೂ ನನಗೊಂದು ಮೂಲೆ ಗೊತ್ತಾಗಿತ್ತು. ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ನಡೆಯುವ ಕರ್ತನ ಭೋಜನದ ದಿನ, ದ್ರಾಕ್ಷಾರಸದ ಸಣ್ಣ ಲೋಟಗಳ ತಟ್ಟೆಯನ್ನು ಹೆಂಗಸರ ಸಾಲಿನಲ್ಲಿ ಯಾರಾದರೊಬ್ಬರು ಹಿಡಿದು ಸಾಗಬೇಕು. ಒಮ್ಮೆ ತಟ್ಟೆಯ ಜೊತೆಗೆ ನಾನೂ ಬಿದ್ದಿದ್ದೆ. ಅಂದಿನಿಂದ ನಾನು ಏಳುವ ಮೊದಲೇ ಯಾರಾದರೂ ಹೇಳುತ್ತಿದ್ದರು — "ನೀವು ಕುಂದರ್ರಿ ಟೀಚರ್, ನಾವು ಮಾಡ್ತೀವಿ." ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ಪ್ರೀತಿ ನನಗೆ ಚುಚ್ಚುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಹೊಳೆ ದಾಟಿದರೆ ಹೊಸಪೇಟೆ. ಅಲ್ಲಿಯ ಡಾಕ್ಟರೊಬ್ಬರು ಬೇರೆ ಗುಳಿಗೆ ಬರೆದುಕೊಟ್ಟ ಮೇಲೆ ಬಹಳ ತಿಂಗಳು ನನಗೆ ಮೂರ್ಛೆ ಬರಲಿಲ್ಲ. ಒಂದು ಭಾನುವಾರ ಪಾಸ್ಟರ್ ಎಂದಿನಂತೆ, ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳುವವರು ಹೇಳಬಹುದು ಎಂದರು. ನಾನು ಎದ್ದೆ. "ಬಹಳ ತಿಂಗಳಿಂದ ನನಗೆ ಮೂರ್ಛೆ ಬಂದಿಲ್ಲ, ಕರ್ತನಿಗೆ ಸ್ತೋತ್ರ" ಎಂದೆ. ಅಷ್ಟು ನಿಜ. ಅಷ್ಟಕ್ಕೇ ಕುಳಿತಿದ್ದರೆ — ಆದರೆ ಹಿಂದಿನಿಂದ ಒಬ್ಬ ಅಜ್ಜಿ ಕೇಳಿದಳು, "ಗುಳಿಗಿ ಬಿಟ್ಟೀರೇನ್ರಿ?" ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಅಯ್ಯೋ ಪಾಪ ಎನ್ನದೆ ಜನ ನನ್ನನ್ನು ನೋಡಿದ್ದು ಎಷ್ಟು ವರ್ಷಗಳ ಮೇಲೋ. ಬಿಟ್ಟಿದ್ದೇನೆ ಎಂದೆ. ಕಾಲುವೆಗೆ ಎಸೆದೆ ಎಂದೆ. ಆ ಕಾಲುವೆ ಎಲ್ಲಿಂದ ನನ್ನ ಬಾಯಿಗೆ ಬಂತೋ ನನಗೇ ತಿಳಿಯದು. ಇಡೀ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ತಿಂಗಳು ಲೋಟಗಳ ತಟ್ಟೆ ನನ್ನ ಕೈಯಲ್ಲಿತ್ತು.

ಆಮೇಲೆ ಕೊಪ್ಪಳದ ಉಪವಾಸ ಪ್ರಾರ್ಥನೆಗೆ ಕರೆದರು, ಗಂಗಾವತಿಯ ಒಂದು ಮನೆಗೆ ಕರೆದರು. ಹೋದಲ್ಲೆಲ್ಲ ಉಪ್ಪುಖಾರ ಹೆಚ್ಚಾಯಿತು. ಸೇತುವೆಯ ಮೇಲೆ ನಿಂತೆ, ಕೈ ನಡುಗಿತು, ಆದರೂ ಎಸೆದೆ, ನೀರು ಒಯ್ದುಬಿಟ್ಟಿತು — ಹೀಗೆ. ಕೇಳಿದವರು ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಆ ಅಳು ಮಾತ್ರ ಸುಳ್ಳಾಗಿರಲಿಲ್ಲ ಎಂದು ಈಗಲೂ ಅನಿಸುತ್ತದೆ, ಆದರೆ ಯಾತಕ್ಕೆ ಅಳುತ್ತಿದ್ದೆ ಎಂದು ನನ್ನನ್ನು ಕೇಳಬೇಡ. ಗುಳಿಗೆ ಬಿಡಿ ಎಂದು ನಮ್ಮ ಪಾಸ್ಟರ್ ಯಾರಿಗೂ ಒಂದು ದಿನವೂ ಹೇಳಿದವರಲ್ಲ. ಅವರೇ ಊಟಕ್ಕೆ ಮೊದಲು ಎಲ್ಲರೆದುರು ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿದ್ದರು. ಆದ್ದರಿಂದ ಈ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ನಿನ್ನ ಅವ್ವ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಗಂಡನನ್ನು ಕಳೆದುಕೊಂಡವಳು, ನೀನೊಬ್ಬಳೇ ಮಗಳು, ನಿನಗೂ ನನ್ನದೇ ರೋಗ. ಹುಲಿಗಿಗೆ ಹೋಗಿ ಅಲ್ಲಿಯ ದೇವಿಗೆ ಹರಕೆ ಹೊತ್ತಿದ್ದಳು, ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿದ್ದಳು, ಹೊಸಪೇಟೆಯ ಡಾಕ್ಟರಿಂದ ಗುಳಿಗೆ ತಂದಿದ್ದಳು. ಕೊನೆಗೆ ನನ್ನ ಕಥೆ ಕೇಳಿ ನಮ್ಮ ಸಭೆಗೆ ಬಂದಳು. ಗುಳಿಗೆಯಿಂದ ನಿನಗೆ ಮೂರ್ಛೆ ಬಹಳ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಪೂರ್ತಿ ನಿಲ್ಲಬೇಕೆಂಬ ಆಸೆ ಅವಳದು. ಯಾವ ತಾಯಿಗೆ ಇರುವುದಿಲ್ಲ?

ಒಂದು ಮಧ್ಯಾಹ್ನ ಮಕ್ಕಳ ಊಟ ಮುಗಿದು, ಅವಳು ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ನಾನು ಕೈ ತೊಳೆಯಲು ಹೋದೆ. ಸುತ್ತ ಯಾರೂ ಇರಲಿಲ್ಲ.

"ಅಕ್ಕೋರ, ಒಂದು ಮಾತು ಕೇಳ್ತೀನ್ರಿ. ನೀವು ಖರೇನ ಗುಳಿಗಿ ಒಗದ್ರೇನ್ರಿ?"

ಸಭೆಯ ಎದುರು ಹೇಳಿದ ಸುಳ್ಳಿಗೆ ನೂರು ನೆವ ಹುಡುಕಬಹುದು. ಇದಕ್ಕೆ ಯಾವ ನೆವವಿದೆ? ಅವಳೊಬ್ಬಳೇ, ನಾನೊಬ್ಬಳೇ. ಕೈಗೆ ಬೂದಿ ಮೆತ್ತಿಕೊಂಡು, ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಹನುಮವ್ವ, ನೀನು ಮಾತ್ರ ಮಗಳ ಗುಳಿಗೆ ಬಿಡಿಸಬೇಡ — ಎಂದಿದ್ದರೆ ಸಾಕಿತ್ತು.

"ಖರೇನ, ಹನುಮವ್ವ" ಎಂದೆ.

"ಒಗದ ಮ್ಯಾಲ ಒಮ್ಮಿನೂ ಬರಲಿಲ್ಲ?"

"ಇಲ್ಲ."

ಕೆಲವು ದಿನಗಳ ನಂತರ ಸಡಗರದಿಂದ ಬಂದು ಹೇಳಿದಳು, "ನಾನೂ ಒಗದು ಬಂದೆರಿ ಅಕ್ಕೋರ. ನೀವು ನಿಂತಿದ್ರಲ್ಲಾ, ಆ ಸೇತುವಿ ಮ್ಯಾಲ ನಿಂತು." ನಾನು ಯಾವ ಸೇತುವೆಯ ಮೇಲೂ ನಿಂತಿರಲಿಲ್ಲ. ಒಮ್ಮೆ ಡಾಕ್ಟರನ್ನು ಕೇಳಿಬಿಡು ಎಂದು ಹೇಳಬೇಕೆಂದುಕೊಂಡೆ — ಹೇಳಿದರೆ, ನೀವು ಕೇಳಿದ್ದಿರಾ ಎಂದು ನನ್ನನ್ನೇ ಕೇಳುತ್ತಾಳೆ. ಸ್ತೋತ್ರ ಎಂದಷ್ಟೇ ಅಂದು ತರಗತಿಗೆ ಹೋದೆ. ಮಗ್ಗಿ ಹೇಳಿಸಿದೆ. ಮಕ್ಕಳು ಸರಿಯಾಗಿ ಹೇಳಿದರೋ ತಪ್ಪಾಗಿ ಹೇಳಿದರೋ ಒಂದೂ ಕಿವಿಗೆ ಬೀಳಲಿಲ್ಲ.

ಆಮೇಲೆ ನಡೆದದ್ದು ನಿನಗೇ ಗೊತ್ತು, ನಿನ್ನ ಕೈಗೆ ಗೊತ್ತು. ಅವ್ವ ಕೆಲಸದಿಂದ ಬರುವಷ್ಟರಲ್ಲಿ ನಾಲ್ಕು ರೊಟ್ಟಿ ಮಾಡಿಡೋಣವೆಂದು ನೀನು ಒಲೆಯ ಮುಂದೆ ಕುಳಿತಿದ್ದೆ. ಅಲ್ಲೇ ಮೂರ್ಛೆ ಬಂತು. ಪಕ್ಕದ ಮನೆಯವರು ಬರುವವರೆಗೆ ಕೈ ಬೆಂಕಿಯಲ್ಲೇ ಇತ್ತು.

ನಾನು ಆಸ್ಪತ್ರೆಗೆ ಬಂದಿದ್ದೆ. ನೀನು ಔಷಧಿಯ ಮಂಪರಿನಲ್ಲಿದ್ದೆ. ಹನುಮವ್ವ ನನ್ನನ್ನು ಹಿಡಿದು ಅಲ್ಲಾಡಿಸುತ್ತಾಳೆ, ಎಲ್ಲರೆದುರು ಕೇಳುತ್ತಾಳೆ ಎಂದು ಹೆದರಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು ಅಂದದ್ದು ಇಷ್ಟು — "ನನ್ನ ವಿಶ್ವಾಸ ಸಣ್ಣದಾತ್ರಿ ಅಕ್ಕೋರ. ಒಗಿಯೋ ಮುಂದ ಒಂದೀಟು ಅಂಜಿದ್ದೆ. ನಿಮ್ಮದು ದೊಡ್ಡದಿತ್ತು, ನಿಮಗ ಆರಾಮಾತು. ನನ್ನ ಅಂಜಿಕಿ ಮಗಳಿಗೆ ತಾಗ್ತು."

ನಾನು ಬಾಯಿ ಬಿಡಲಿಲ್ಲ. ಅವಳ ಬೆನ್ನು ಸವರಿದೆ. ರೇಣುಕಾ, ನಾನು ಮಾಡಿದ್ದರಲ್ಲಿ ಅತ್ಯಂತ ಹೇಸಿಗೆಯದು ಯಾವುದೆಂದು ಕೇಳಿದರೆ, ಸುಳ್ಳು ಸಾಕ್ಷಿಯಲ್ಲ, ಆ ಬೆನ್ನು ಸವರಿದ್ದು.

ಅದೇ ವರ್ಷ ವರ್ಗಾವಣೆ ಕೇಳಿ ಪಡೆದು ಯಲಬುರ್ಗಾದ ಆಚೆಗಿನ ಒಂದು ಊರಿಗೆ ಹೊರಟುಹೋದೆ. ಓಡಿಹೋದೆ ಎನ್ನುವುದೇ ಸರಿ. ಅಲ್ಲಿ ನಮ್ಮವರ ಒಂದು ಮನೆಯೂ ಇರಲಿಲ್ಲ. ಭಾನುವಾರ ಬಾಗಿಲು ಮುಂದೆ ಮಾಡಿಕೊಂಡು ಕೋಣೆಯಲ್ಲಿ ಕೂರುತ್ತಿದ್ದೆ. ಹಾಡಲು ಬಾಯಿ ಬರುತ್ತಿರಲಿಲ್ಲ, ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಒಲೆ ಕಾಣುತ್ತಿತ್ತು. ಹೊರಗೆ ಎರೆಹೊಲ ಬಿಟ್ಟರೆ ಏನೂ ಇಲ್ಲ. ಕಿಟಕಿಯಿಂದ ಬಸ್ಸು ಬರುವುದನ್ನು ನೋಡುತ್ತಿದ್ದೆ, ಹೋಗುವುದನ್ನು ನೋಡುತ್ತಿದ್ದೆ. ಅದರಿಂದ ನನಗಾಗಿ ಇಳಿಯುವವರು ಯಾರೂ ಇರಲಿಲ್ಲ. ಹೀಗೆ ಎಷ್ಟು ಭಾನುವಾರಗಳು ಕಳೆದವೋ ಲೆಕ್ಕ ಇಟ್ಟಿಲ್ಲ.

ಗುಳಿಗೆ ತಪ್ಪಿಸಿದವಳಲ್ಲ ನಾನು. ಆದರೂ ಒಂದು ಸಂಜೆ ಮೂರ್ಛೆ ಬಂತು. ಎಚ್ಚರವಾದಾಗ ನೆಲದ ಮೇಲಿದ್ದೆ, ನಾಲಿಗೆ ಕಚ್ಚಿಕೊಂಡು ಬಾಯಿತುಂಬ ರಕ್ತ. ಮನೆಯ ಮಾಲಕಿ ಬೀಬಿಜಾನ್ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದಳು. "ನಿಮ್ಮವರು ಯಾರರ ಅದಾರೇನ್ರಿ? ಫೋನ್ ಹಚ್ಚಬೇಕೇನ್ರಿ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಚಹಾ ಮಾಡಿಕೊಟ್ಟು ಅವಳು ಹೋದ ಮೇಲೆ, ಗೋಡೆಗೆ ಒರಗಿ ಕುಳಿತು ಮೊದಲ ಸಲ ನಿಜವಾಗಿ ಪ್ರಾರ್ಥಿಸಿದೆ. ಕೇಳಲು ಸಭೆ ಇರಲಿಲ್ಲ, ಚಪ್ಪಾಳೆ ಇರಲಿಲ್ಲ. ವಾಸಿಮಾಡು ಎನ್ನಲಿಲ್ಲ. ಸ್ವಾಮೀ, ನಾನು ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿದೆ, ಒಂದು ಮಗುವಿನ ಕೈ ಸುಟ್ಟುಹೋಯಿತು — ಅಷ್ಟೇ ಹೇಳಿದೆ.

ಏನೂ ಆಗಲಿಲ್ಲ. ಬೆಳಕು ಕಾಣಲಿಲ್ಲ, ಧ್ವನಿ ಕೇಳಲಿಲ್ಲ. ಆದರೆ ನನ್ನ ಜೊತೆ ಯಾರೋ ಕುಳಿತಿದ್ದಾರೆ ಎನಿಸಿತು. ನನ್ನದೆಲ್ಲ ಗೊತ್ತಿದ್ದೂ ಎದ್ದು ಹೋಗದೆ ಕುಳಿತಿದ್ದಾರೆ. ಆ ಸಂಬಂಧದವರು ಅರ್ಧ ಊಟದಲ್ಲಿ ಎದ್ದು ಹೋಗಿದ್ದು ನೆನಪಾಗಿ ಬಿಕ್ಕಿ ಬಿಕ್ಕಿ ಅತ್ತೆ. ಅಂದಿನಿಂದ ನನಗೆ ದೇವರ ಬಗ್ಗೆ ಅನುಮಾನ ಬಂದಿಲ್ಲ. ರೋಗ ಹೋಗಿಲ್ಲ, ಹೋಗಲಿಕ್ಕಿಲ್ಲ. ಬೆಳಿಗ್ಗೆ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ಸ್ತೋತ್ರ ಹೇಳಿ ನುಂಗುತ್ತೇನೆ. ಇದನ್ನು ವಿಶ್ವಾಸ ಎನ್ನಲು ಈಗ ನನಗೆ ನಾಚಿಕೆಯಿಲ್ಲ.

ನೋಡು, ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆಂದದ ಸಾಕ್ಷಿಯಾಗುತ್ತದೆ! ನಾನು ಹಾಗೆಯೇ ನಿಲ್ಲಿಸಿಕೊಂಡಿದ್ದೆ. ದೇವರು ಕ್ಷಮಿಸಿದ ಎಂದು ಸಮಾಧಾನವಾಗಿ ನಿದ್ದೆ ಮಾಡುತ್ತಿದ್ದೆ, ಅಷ್ಟೂ ವರ್ಷ. ನಿವೃತ್ತಿಯಾಗಿ ಕುಷ್ಟಗಿಗೆ ಬಂದೆ. ಅಲ್ಲಿ ಒಂದು ಮನೆಯಲ್ಲಿ ಏಳೆಂಟು ಜನ ಸೇರಿ ಪ್ರಾರ್ಥನೆ ಮಾಡುತ್ತೇವೆ. ಈ ಬೇಸಿಗೆಯಲ್ಲಿ ನನ್ನ ಸಾಕ್ಷಿ ಕೇಳಿದಾಗ, ಧೈರ್ಯ ಮಾಡಿ ನಿಜವನ್ನೇ ಹೇಳಿದೆ. ಆ ಮನೆಯ ಸೊಸೆ ಒಬ್ಬಳೇ ಕೇಳಿದಳು, "ಆ ತಾಯಿಗೆ ಹೇಳಿದ್ರೇನ್ರಿ?"

ಇಲ್ಲ ಎಂದೆ. ಹಾಗೆನ್ನುವಾಗ ನನ್ನ ಧೈರ್ಯದ ಅಳತೆ ನನಗೇ ಗೊತ್ತಾಯಿತು.

ಹೋದ ವಾರ, ನೀವು ಈಗ ಇರುವ ಮನೆಯನ್ನು ವಿಚಾರಿಸಿಕೊಂಡು ಗಂಗಾವತಿಗೆ ಬಂದೆ. ನೀನು ಝೆರಾಕ್ಸ್ ಅಂಗಡಿಯ ಕೆಲಸಕ್ಕೆ ಹೋಗಿದ್ದೆ. ಹನುಮವ್ವ ಒಬ್ಬಳೇ ಇದ್ದಳು, ಬಹಳ ಸೊರಗಿದ್ದಾಳೆ. ನನ್ನನ್ನು ನೋಡಿ ಹಿಗ್ಗಿದಳು. ಚಹಾಕ್ಕೆ ಎದ್ದವಳನ್ನು ಕೂಡಿಸಿ ಎಲ್ಲ ಹೇಳಿದೆ. ಸಭೆಯಲ್ಲಿ ಹೇಳಿದ್ದು, ನಳದ ಹತ್ತಿರ ಹೇಳಿದ್ದು, ಆಸ್ಪತ್ರೆಯಲ್ಲಿ ಹೇಳದೆ ಉಳಿದದ್ದು.

"ಇನ್ನೊಮ್ಮೆ ಹೇಳ್ರಿ" ಎಂದಳು. ಇನ್ನೊಮ್ಮೆ ಹೇಳಿದೆ.

"ಅಂದ್ರ, ನಂದೇನೂ ಕಡಿಮಿ ಇರಲಿಲ್ಲೇನ್ರಿ?"

"ಇರಲಿಲ್ಲ, ಹನುಮವ್ವ. ನೀನು ನಂಬಿದ್ದೆ. ನಂಬಬಾರದವಳನ್ನು ನಂಬಿದೆ, ಅಷ್ಟೆ."

ನಾನು ಕ್ಷಮೆ ಕೇಳಿದೆ. ಅವಳು ನನ್ನನ್ನಲ್ಲ, ಗೋಡೆಯನ್ನು ನೋಡುತ್ತ ಹೇಳಿದಳು:

"ಕೈ ಸುಟ್ಟ ದಿನದಿಂದ ರೇಣುಕಾನ ಹೆಸರು ತಗೊಂಡು ನಾ ಪ್ರಾರ್ಥನಿ ಮಾಡಿಲ್ರಿ. ನಾ ಬೇಡಿದ್ರ ಕೆಡತೈತಿ ಅಂತ ಅಂಜಿಕಿ. ಓಣಿ ಮಂದಿ ಸಲುವಾಗಿ ಬೇಡೀನಿ, ನಿಮ್ಮ ಸಲುವಾಗಿ ಬೇಡೀನಿ. ಅಕಿ ಸಲುವಾಗಿ ಬಾಯಿ ತಗದಿಲ್ಲ. ಅಕಿನೂ ಒಮ್ಮೆ ಕೇಳಿದ್ಲು, ಅವ್ವಾ, ಎಲ್ಲಾರ ಹೆಸರೂ ಹೇಳ್ತಿ, ನಂದ್ಯಾಕ ಹೇಳಂಗಿಲ್ಲ ಅಂತ. ನಾ ಏನ್ ಹೇಳ್ಲಿ? ಅವತ್ತಿನಿಂದ ಅಕಿ ಸಭಾಕ್ಕ ಬರೋದ ಬಿಟ್ಟಳು."

ಎದ್ದು ಹೊರಡುವಾಗ ನಾನು ಕೇಳಿದೆ, ರೇಣುಕಾಗೆ ಹೇಳುತ್ತೀಯಾ ಎಂದು. "ನಾ ಹೇಳಂಗಿಲ್ರಿ. ನೀವ ಹೇಳ್ರಿ" ಎಂದಳು.

ಅದಕ್ಕೇ ಹೇಳುತ್ತಿದ್ದೇನೆ. ಬರುವ ಭಾನುವಾರ ಮುನಿರಾಬಾದಿಗೆ ಹೋಗಿ, ಅಲ್ಲಿ ಉಳಿದಿರುವಷ್ಟು ಜನರ ಮುಂದೆಯೂ ಹೇಳುತ್ತೇನೆ. ಅದು ನನ್ನ ಪಾಡು. ನೀನು ಬರಬೇಕಾಗಿಲ್ಲ, ನನ್ನನ್ನು ಮನ್ನಿಸಬೇಕಾಗಿಯೂ ಇಲ್ಲ. ನೀನು ಅವ್ವನನ್ನು ಕೇಳಿದ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಉಳಿದುಬಿಟ್ಟಿತ್ತು, ಅದನ್ನು ಕೊಡಬೇಕಿತ್ತು. ನಿನ್ನ ಹೆಸರನ್ನು ಅವಳು ಮರೆತದ್ದಲ್ಲ, ರೇಣುಕಾ. ಅವಳು ನಿನಗಾಗಿ ದೇವರನ್ನು ಏನೂ ಕೇಳದ ಹಾಗೆ ಮಾಡಿದವಳು ನಾನು.