ಇನ್ನೂ ಸಣ್ಣದಾಗಿ ಒಡೆಯುವ ಅಂಬುಜಾಕ್ಷಿ ಮೇಡಂ
ಕಾಶಿಯ ವಿಶ್ವವಿದ್ಯಾಲಯವೊಂದರಲ್ಲಿ ಪರಮಾಣು ಭೌತಶಾಸ್ತ್ರ ಕಲಿಸುವ ಮೈಸೂರಿನ ಅಂಬುಜಾಕ್ಷಿ ಮೇಡಂಗೆ ಯಾವುದನ್ನೂ ಇಡಿಯಾಗಿ ನಂಬುವ ಅಭ್ಯಾಸವಿಲ್ಲ. ಕೇದಾರ ಘಾಟಿನ ಹೋಟೆಲಿನಲ್ಲಿ ಇಡ್ಲಿ ಬಂದರೆ ನಡುವೆ ಬೆಂದಿದೆಯೋ ಎಂದು ಮುರಿದು ನೋಡದೆ ಚಟ್ನಿ ಮುಟ್ಟುವವರಲ್ಲ; ಆಟೋದವನು "ಬಸ್ ಪಾಂಚ್ ಮಿನಿಟ್", ಐದೇ ನಿಮಿಷ, ಎಂದರೆ ಗೋದೌಲಿಯಾ ಚೌಕದವರೆಗೆ ಎಷ್ಟು, ಅಲ್ಲಿಂದಾಚೆ ಎಷ್ಟು ಎಂದು ಕೇಳಿ ಅವನಿಗೇ ದಾರಿ ಮರೆಸುತ್ತಾರೆ. ರಿಯಾಕ್ಟರಿನೊಳಗೆ ಯಾವ ಶಕ್ತಿಯ ನ್ಯೂಟ್ರಾನ್‌ಗಳು ಎಷ್ಟಿವೆ ಎಂದು ಲೆಕ್ಕ ಹಾಕುವುದು ಅವರ ಕಸುಬು. ಬೇರೆಯವರು ಶಕ್ತಿಯ ಹರವನ್ನು ನಾಲ್ಕಾರು ಗುಂಪು ಮಾಡಿ, ಸರಾಸರಿ ತೆಗೆದು ಮನೆಗೆ ಹೋದರೆ ಮೇಡಂ, "ಇನ್ನೂ ಸಣ್ಣದಾಗಿ ಒಡಿ," ಎನ್ನುತ್ತಾರೆ. ಹಾಗೆ ಒಡೆದಾಗಲೇ ಶಿಷ್ಯ ನಂದನನ ಗ್ರಾಫಿನಲ್ಲಿ, ಯುರೇನಿಯಂ ನ್ಯೂಟ್ರಾನ್‌ಗಳನ್ನು ನುಂಗುವ ಶಕ್ತಿಯ ಬಳಿ, ಅದುವರೆಗೆ ಯಾರೂ ಕಾಣದ ಕಿರಿದಾದ ತಗ್ಗೊಂದು ಕಂಡದ್ದು. ಅದು ಲೆಕ್ಕದ ತಪ್ಪೆಂದು ಪರೀಕ್ಷಕರು ಪ್ರಬಂಧ ಹಿಂತಿರುಗಿಸಿದರು. "ಇದನ್ನ ಹಟಾಯಿಸಿಬಿಡ್ಲಾ, ಮೇಡಂ?" ಎಂದು ಕಾಶಿಯಲ್ಲೇ ಬೆಳೆದ ನಂದನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದ. "ಇರೋದನ್ನ ತೆಗೆಯೋಕೆ ನೀನ್ಯಾರಪ್ಪ?" ಎಂದರು ಮೇಡಂ. ಅಷ್ಟು ಗಟ್ಟಿಯಾಗಿ ಹೇಳಿದವರು ತಮ್ಮ ಮೇಲೆಯೇ ಅನುಮಾನಪಟ್ಟು, ಬೇರೆಯದೇ ವಿಧಾನದಿಂದ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡುತ್ತಾ ಬೇಸಿಗೆ ರಜೆ ಕಳೆದರೆಂಬುದು ಅವನಿಗೆ ಗೊತ್ತಾಗಲಿಲ್ಲ. ಎರಡನೆಯ ದಾರಿಯೂ ಅದೇ ತಗ್ಗಿಗೆ ಬಂದು ಇಳಿಯಿತು. ಈ ಸೋಮವಾರ ಪ್ರಯೋಗಾಲಯದಿಂದ ನ್ಯೂಟ್ರಾನ್‌ಗಳ ನಿಜವಾದ ಅಳತೆ ಬಂತು: ತಗ್ಗು ಅಲ್ಲಿಯೇ ಇತ್ತು, ಅಷ್ಟೇ ಆಳ. ಅಭಿನಂದಿಸಲು ಇಡೀ ವಿಭಾಗವೇ ನೆರೆಯಿತು. ಮೇಡಂ ನಂದನನ ಕೈಗೆ ಸೀಮೆಸುಣ್ಣ ಕೊಟ್ಟು, "ಹೇಳಪ್ಪ, ಇವರಿಗೆಲ್ಲ," ಎಂದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಅವನು ಬೋರ್ಡಿನ ಮೇಲೆ ತಗ್ಗನ್ನು ಬರೆದು ತಿರುಗಿದಾಗ ಮೊದಲ ಚಪ್ಪಾಳೆ ಬಂದದ್ದು ಅಲ್ಲಿಂದಲೇ.