ಶಾಂತವ್ವನ ಎಡಗಿವಿ

ಶಾಂತವ್ವನಿಗೆ ಸಿಕ್ಕಿದ್ದ ಕೆಲಸವನ್ನು ತಪ್ಪಿಸಿದವಳು ನಾನು. ಸುಳ್ಳು ಹೇಳಿ ಅಲ್ಲ, ನಿಜ ಹೇಳಿ. ಅದಕ್ಕೇ ಇಷ್ಟು ವರ್ಷ ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುವುದು ಸುಲಭವಾಯಿತೇನೋ —

ರಾಜಗೋಪಾಲನಗರದ ಒಂದೇ ಕೋಣೆಯಲ್ಲಿ ಇಬ್ಬರೂ ಬಾಡಿಗೆಗಿದ್ದೆವು. ಅವಳು ಗದಗ ಕಡೆಯವಳು, ನಾನು ಕುಣಿಗಲ್ಲಿನವಳು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಜೊತೆಗೆ ದುಡಿದು, ಅದು ಮುಚ್ಚಿದಾಗ ಜೊತೆಗೇ ಕೆಲಸ ಕಳೆದುಕೊಂಡವರು. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳು ಅವಳು. ಒಂದು ದಿನ ತಲೆ ಬಾಚಿಕೊಳ್ಳುತ್ತಾ ತಾನಾಗಿಯೇ ಹೇಳಿದಳು: “ಪ್ರೆಸ್ ಮಷಿನ್ ಸಪ್ಪಳಕ್ಕ ನನ್ನ ಎಡಗಿವಿ ಹೋಗೇತಿ. ಯಾರ ಮುಂದೂ ಹೇಳಬ್ಯಾಡ.” ದಾರಿಯಲ್ಲಿ ಅವಳು ಯಾವಾಗಲೂ ನನ್ನ ಎಡಗಡೆಗೇ ಬಂದು ನಡೆಯುತ್ತಿದ್ದುದು ಏಕೆಂದು ಆಗ ತಿಳಿಯಿತು.

ಕಂಪನಿಗಳಿಗೆ ಜನ ಒದಗಿಸುವ ಏಜೆನ್ಸಿಯೊಂದರಲ್ಲಿ ಇಬ್ಬರೂ ಅರ್ಜಿ ಹಾಕಿದೆವು. ವೈಟ್‌ಫೀಲ್ಡ್‌ನಲ್ಲಿ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್. ಸರ್ಕ್ಯೂಟ್ ಬೋರ್ಡ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ ತಪ್ಪು ಹುಡುಕುವ ಕೆಲಸ. ಪರೀಕ್ಷೆಯಲ್ಲಿ ಅವಳೇ ಚುರುಕು. ಫಾರಂನಲ್ಲಿ ‘ನಿಮ್ಮನ್ನು ಬಲ್ಲವರು’ ಎಂಬ ಕಡೆ ನನ್ನ ಹೆಸರು, ನಂಬರು ಬರೆದಳು. ಈ ಊರಲ್ಲಿ ಅವಳಿಗೆ ಬೇರೆ ಯಾರಿದ್ದರು?

ಮೂರನೆಯ ದಿನ ಏಜೆನ್ಸಿಯ ಹೆಂಗಸು ನನಗೆ ಫೋನ್ ಮಾಡಿದರು. ಶಾಂತವ್ವ ನೀರು ಹಿಡಿಯಲು ಕೆಳಗೆ ಹೋಗಿದ್ದಳು.

“ಉಳಿದಿರೋದು ಒಂದೇ ಪೋಸ್ಟ್ ಮೇಡಂ. ಶಾಂತವ್ವ ಅವರನ್ನ ಸೆಲೆಕ್ಟ್ ಮಾಡಿದ್ದೀವಿ, ನೀವು ವೇಟಿಂಗ್‌ನಲ್ಲಿದ್ದೀರ. ಅವರಿಗೆ ಹೆಲ್ತ್ ಪ್ರಾಬ್ಲಂ ಏನೂ ಇಲ್ಲ ತಾನೆ?”

‘ಇಲ್ಲ’ ಎನ್ನಬಹುದಿತ್ತು. ಆ ಕೆಲಸಕ್ಕೆ ಬೇಕಿದ್ದುದು ಕಣ್ಣು, ಕಿವಿಯಲ್ಲ. ಅದೂ ನನಗೆ ಗೊತ್ತಿತ್ತು. ಆದರೂ —

“ಎಡಗಿವಿ ಕೇಳ್ಸಲ್ಲ ಅವ್ಳಿಗೆ,” ಎಂದೆ. ದನಿ ತಗ್ಗಿಸಿ, ಬಾಗಿಲ ಕಡೆ ನೋಡುತ್ತಾ.

ಮರುದಿನ ಕೆಲಸಕ್ಕೆ ಕರೆ ಬಂದದ್ದು ನನಗೆ. ಶಾಂತವ್ವ ನನಗಿಂತ ಹೆಚ್ಚು ಖುಷಿಪಟ್ಟಳು. ಆಮೇಲೆ ಪ್ರತಿ ಸೋಮವಾರ ಏಜೆನ್ಸಿಗೆ ಹೋಗಿ ವಿಚಾರಿಸುತ್ತಿದ್ದಳು. “ಕಾಲ್ ಮಾಡ್ತೀವಿ” ಎಂದು ಕಳಿಸುತ್ತಿದ್ದರಂತೆ. “ಫಾರಂನ್ಯಾಗ ನಾ ಏನರ ತಪ್ಪು ಬರದೇನೇನ?” ಎಂದು ನನ್ನನ್ನೇ ಕೇಳಿದಳು. ನಾನು ತಟ್ಟೆ ತೊಳೆಯುತ್ತಲೇ ಇದ್ದೆ. ಮೂರು ತಿಂಗಳು ಕಾದು ಊರಿಗೆ ಹೊರಟುಹೋದಳು.

ಈಗಲೂ ಅದೇ ಕೋಣೆಯಲ್ಲಿ ನಾನೊಬ್ಬಳೇ. ಕಾಂಟ್ರ್ಯಾಕ್ಟ್ ಐದು ಸಲ ಮುಂದುವರಿದಿದೆ. ಕಂಪನಿ ಬಸ್ಸಿನಲ್ಲಿ ಪಕ್ಕ ಕೂರುವವರು ಬದಲಾಗುತ್ತಲೇ ಇರುತ್ತಾರೆ. ಹೆಸರು ಕೇಳುವುದನ್ನೂ ಬಿಟ್ಟಿದ್ದೇನೆ. ಯಾರಾದರೂ ತಮ್ಮ ಕಷ್ಟ ಹೇಳಿಕೊಳ್ಳಲು ಶುರುಮಾಡಿದರೆ ಕಣ್ಣುಮುಚ್ಚಿ ನಿದ್ದೆ ಬಂದವಳಂತೆ ಕೂರುತ್ತೇನೆ — ಅವರ ಗುಟ್ಟು ನನ್ನ ಹತ್ತಿರ ಇರಬಾರದು.

ಹೋದ ಭಾನುವಾರ ಶಾಂತವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

“ಯಾಕ ಹಂಗ ಮಾಡಿದಿ, ಲಲಿತಾ?”

“ನಂಗೆ ಆ ಕೆಲ್ಸ ಬೇಕಿತ್ತು ಕಣೇ.”

“ನನಗೂ ಬೇಕಿತ್ತು,” ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ — ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ‘ಕ್ಷಮಿಸು’ ಎಂಬ ಮಾತು ತುಟಿಯವರೆಗೆ ಬಂತು, ನುಂಗಿಕೊಂಡೆ. ಕ್ಷಮೆಯನ್ನೂ ಬೇಡಿದ್ದರೆ, ಕೆಲಸದ ಜೊತೆಗೆ ಅವಳಿಂದ ಇನ್ನೊಂದನ್ನೂ ಕಿತ್ತುಕೊಂಡಂತಾಗುತ್ತಿತ್ತು.